ಪುಟ್ಟಮಲ್ಲಮ್ಮನ ಬ್ಯಾರನ್ನಿಗೆ ಬೆಂಕಿ ಹಚ್ಚಿದ ಕೈ

ಒಂದು ನಿಮಿಷ ನಿಲ್ಲಿ, ಇದನ್ನು ಪೂರ್ತಿ ಕೇಳಿಸಿಕೊಂಡೇ ಹೋಗಿ. ಅರ್ಧಕ್ಕೇ ಎದ್ದು "ಈ ಹುಡುಗಿಗೆ ಹೊಟ್ಟೆಕಿಚ್ಚು" ಅಂತ ತೀರ್ಪು ಕೊಟ್ಟುಬಿಡಬೇಡಿ. ಹೊಟ್ಟೆಕಿಚ್ಚು ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಎರಡೂ ಕಡೆಯ ವಾದ ಕೇಳದೆ ಯಾವ ಜಡ್ಜೂ ತೀರ್ಪು ಬರೆಯುವುದಿಲ್ಲ, ಅಲ್ಲವೇ?

ನಾನು ನಂದಿತಾ. ಹುಣಸೂರಿನ ಕೋರ್ಟಿನಲ್ಲಿ ವಕೀಲೆ. ಕೋರ್ಟಿನ ಎದುರು ರಸ್ತೆಯಲ್ಲಿ, ಬೇಕರಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಬಾಗಿಲಲ್ಲಿ ಇವತ್ತಿಗೂ ಇರುವುದು ಒಂದೇ ಬೋರ್ಡು: "ಕೆ. ಪ್ರಭುಸ್ವಾಮಿ, ವಕೀಲರು". ಪ್ರಭುಸ್ವಾಮಿ ನನ್ನ ಸೀನಿಯರ್. ಈಗ ವಕೀಲರಲ್ಲ, ನಮ್ಮ ಎಂಪಿ. ದೆಹಲಿಯಲ್ಲಿರುತ್ತಾರೆ. ಕೇಸು ನಡೆಸುವವಳು ನಾನು, ಬೋರ್ಡು ಅವರದು. ನನಗೆ ಬೇಕಾಗಿದ್ದದ್ದು ಬಹಳ ದೊಡ್ಡದೇನಲ್ಲ. ಒಬ್ಬೇ ಒಬ್ಬ ಕಕ್ಷಿದಾರ ನನ್ನನ್ನು ಹುಡುಕಿಕೊಂಡು, ನನ್ನನ್ನೇ ಕೇಳಿಕೊಂಡು ಆ ಮೆಟ್ಟಿಲು ಹತ್ತಬೇಕು. ಅಷ್ಟೇ. ಆದರೆ ಹತ್ತಿದವರೆಲ್ಲ ಕೇಳುತ್ತಿದ್ದದ್ದು ಒಂದೇ, "ಸಾಯೇಬ್ರು ಯಾವಾಗ್ ಬತ್ತಾರೆ?"

ಸರ್ ಬಗ್ಗೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಕಷ್ಟ ನಿಮಗೆ ಅರ್ಥವಾಗುವುದಿಲ್ಲ. ಅವರು ಮಿರ್ಲೆಯವರು. ಅಪ್ಪ ಕಂಠಪ್ಪ ಭತ್ತ ಬೆಳೆಯುತ್ತಿದ್ದವರು. ಊರಲ್ಲಿ ಯಾರೇ ಬಡಿದಾಡಿಕೊಂಡರೂ ಇಬ್ಬರನ್ನೂ ಒಂದೇ ಜಗಲಿಯ ಮೇಲೆ ಕೂರಿಸಿ, ಮೊದಲು ಮಜ್ಜಿಗೆ ಕುಡಿಸಿ, ಆಮೇಲೆ ಮಾತು ತೆಗೆಯುತ್ತಿದ್ದರಂತೆ. ಮಗ ಮೈಸೂರಿನಲ್ಲಿ ಲಾ ಓದಿ, ಕೆ.ಆರ್. ನಗರದ ಕೋರ್ಟಿನಲ್ಲಿ ಯಾರದೋ ಹಳೇ ಕರಿಕೋಟು ತೊಟ್ಟುಕೊಂಡು ಶುರುಮಾಡಿದರು. ಅಲ್ಲಿ ಕೇಸು ಸಿಗಲಿಲ್ಲ, ಹುಣಸೂರಿಗೆ ಬಂದರು. ಬರುವಾಗ ಅಪ್ಪನ ಮಜ್ಜಿಗೆಯ ವಿದ್ಯೆಯನ್ನೂ ತಂದರು.

ಕಟಕಟೆಯಲ್ಲಿ ನಿಂತ ಸಾಕ್ಷಿಗೆ ತಾನು ನಿಂತಿರುವುದು ಕಟಕಟೆ ಅನ್ನುವುದೇ ಮರೆತುಹೋಗಬೇಕು, ಹಾಗೆ ಮಾತಾಡಿಸುತ್ತಿದ್ದರು. ಪಿರಿಯಾಪಟ್ಟಣದ ಒಬ್ಬ ಯಜಮಾನ ಒಂದು ಕ್ರಯಪತ್ರಕ್ಕೆ ತಾನೇ ಸಾಕ್ಷಿ, ಕಣ್ಣಾರೆ ಕಂಡೆ ಅಂತ ಹೇಳಲು ಬಂದಿದ್ದ. ಸರ್ ಕ್ರಯಪತ್ರದ ಸುದ್ದಿಯನ್ನೇ ಎತ್ತಲಿಲ್ಲ. ಒಂದು ತಾರೀಕು ಹೇಳಿ, "ಆವತ್ತು ಹರಾಜಲ್ಲಿ ಹೊಗೆಸೊಪ್ಪಿಗೆ ಒಳ್ಳೇ ರೇಟು ಬಂತಂತಲ್ಲ ಯಜಮಾನ್ರೆ?" ಅಂದರು. ಆ ಮನುಷ್ಯ ಅರಳಿಬಿಟ್ಟ. "ಅಯ್ಯೋ, ಯಾಕ್ ಕೇಳ್ತೀರಿ! ಆವತ್ತು ನನ್ ಸೊಪ್ಪಿಗೆ ಬಂದಂಗೆ ಇನ್ಯಾರ್ಗೂ ಬರ್ನಿಲ್ಲ. ಬೆಳಿಗ್ಗೆಯಿಂದ ಸಂಜೆಗಂಟ ಹರಾಜು ಕಟ್ಟೆ ಬುಟ್ಟು ಅಲ್ಲಾಡ್ನಿಲ್ಲ ಸೋಮಿ!" ಸರ್ ಕೈ ಮುಗಿದು ಕೂತುಬಿಟ್ಟರು. ಆವತ್ತೇ ಕ್ರಯಪತ್ರವಾದ ದಿನ. ನಾನು ಹಿಂದಿನ ಬೆಂಚಿನಲ್ಲಿದ್ದೆ, ಕೋರ್ಟು ಅಂತಲೂ ನೋಡದೆ ಚಪ್ಪಾಳೆ ಹೊಡೆಯುವುದರಲ್ಲಿದ್ದೆ. ಇಂಥವರ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟ ಗೊತ್ತಾ? ಕೆಟ್ಟವರಾಗಿದ್ದರೆ ಸಲೀಸಾಗಿರುತ್ತಿತ್ತು.

ಆದರೆ ಅವರನ್ನು ಎಂಪಿ ಮಾಡಿದ್ದು ಬುದ್ಧಿಯಲ್ಲ, ಕೈ.

ನಮ್ಮ ಕಡೆ ಹೊಗೆಸೊಪ್ಪು ಬೆಳೆಯುವವರ ಪ್ರತಿ ಮನೆಗೂ ಸೊಪ್ಪು ಬೇಯಿಸುವ ಎತ್ತರದ ಗೂಡೊಂದು ಇರುತ್ತದೆ, ಅದಕ್ಕೆ ಬ್ಯಾರನ್ ಅನ್ನುತ್ತಾರೆ. ವರ್ಷದ ಮೊದಲ ಸೊಪ್ಪು ತುಂಬಿದ ಮೇಲೆ ಒಲೆಗೆ ಮೊದಲ ಬೆಂಕಿ ಹಚ್ಚುವವರ ಕೈಗುಣ ಚೆನ್ನಾಗಿರಬೇಕು. ಕೈ ಒಳ್ಳೆಯದಾದರೆ ಸೊಪ್ಪು ಬಂಗಾರ, ಕೆಟ್ಟದ್ದಾದರೆ ಕರಕಲು. ಒಂದು ಸಲ, ಕೇಸು ಗೆದ್ದ ಖುಷಿಗೆ ಯಾರೋ ಸರ್ ಕೈಯಲ್ಲಿ ಬೆಂಕಿ ಹಚ್ಚಿಸಿದರು. ಸರ್ ನಗುನಗುತ್ತಲೇ ಕಡ್ಡಿ ಗೀರಿದರು. ಆ ವರ್ಷ ಆ ಮನೆಯ ಸೊಪ್ಪು ಊರಿಗೇ ಮೊದಲು. ಮಾರನೇ ವರ್ಷ ಪಕ್ಕದ ಮನೆ, ಆಮೇಲೆ ಪಕ್ಕದ ಊರು. ಎಚ್.ಡಿ. ಕೋಟೆಯವರು ಬೋರ್‌ವೆಲ್ ಪೂಜೆಗೂ ಕರೆದರು. ಒಂದೊಂದು ಬ್ಯಾರನ್ ಅಂದರೆ ಒಂದೊಂದು ಮನೆ, ಒಂದೊಂದು ಮನೆಯಲ್ಲಿ ಎಷ್ಟು ವೋಟು ಅಂತ ನೀವೇ ಲೆಕ್ಕ ಹಾಕಿ. ಎಲ್ಲರೂ ಪಾದಯಾತ್ರೆ ಮಾಡಿ ಎಂಪಿ ಆಗುತ್ತಾರೆ, ನಮ್ಮ ಸರ್ ಬೆಂಕಿಕಡ್ಡಿ ಗೀರಿ ಆದರು.

ಈಗ ಪುಟ್ಟಮಲ್ಲಮ್ಮನ ವಿಷಯ. ಕಟ್ಟೆಮಳಲವಾಡಿಯ ಅಜ್ಜಿ, ಗಂಡ ಇಲ್ಲ, ಮಕ್ಕಳಿಲ್ಲ. ಗಂಡನ ತಮ್ಮನ ಮಗ ನಿಂಗರಾಜು ಹೊಲವೂ ತನ್ನದು, ಬ್ಯಾರನ್ನೂ ತನ್ನದು ಅಂತ ಕೂತಿದ್ದ. ಕೇಸು ಹಾಕುವಾಗ ವಕಾಲತ್ತಿಗೆ ಮೊದಲು ಸೈ ಹಾಕಿದವರು ಸರ್, ಕೆಳಗೆ ನಾನು. ಅಷ್ಟು ಮಾಡಿ ಅವರು ಎಲೆಕ್ಷನ್ನಿಗೆ ನಿಂತರು, ಗೆದ್ದರು, ಹೋದರು. ನಿಂಗರಾಜುವನ್ನು ಪಾಟೀಸವಾಲು ಮಾಡಿ ಬೆವರಿಳಿಸಿದವಳು ನಾನು. ಬ್ಯಾರನ್ನಿಗೆ ಯಾವ ಕಡೆಯಿಂದ ಸೌದೆ ಹಾಕುತ್ತಾರೆ ಅಂತ ಕೇಳಿದರೆ, ಪಾಪ, ಅವನಿಗೆ ಉತ್ತರ ಬರಲಿಲ್ಲ. ಮೊನ್ನೆ ಮೊನ್ನೆಯವರೆಗೂ ಆ ಒಲೆಯ ಮುಂದೆ ಕೂತವನೇ ಅಲ್ಲ ಅವನು. ಮಳೆಗಾಲ ಶುರುವಾಗುವ ಹೊತ್ತಿಗೆ ಅಜ್ಜಿಯ ಪರವಾಗಿ ತೀರ್ಪು ಬಂತು.

ಊರಬಾಗಿಲಲ್ಲಿ ಫ್ಲೆಕ್ಸು ಕಟ್ಟಿದರು. "ನ್ಯಾಯ ಕೊಡಿಸಿದ ನಮ್ಮ ಎಂಪಿ ಸಾಹೇಬರಿಗೆ ಅಭಿನಂದನೆಗಳು". ಸರ್ ಮುಖ ಆಳೆತ್ತರ. ನಾನೂ ಇದ್ದೆ, ಕೆಳಗಿನ ಮೂಲೆಯಲ್ಲಿ, ಡೈರಿ ಸೆಕ್ರೆಟರಿಯ ಪಕ್ಕ. ಹಗ್ಗ ಕಟ್ಟಲು ತೂತು ಮಾಡಿದ್ದು ಸರಿಯಾಗಿ ನನ್ನ ಹಣೆಗೆ. ನಮ್ಮ ಆಫೀಸಿನ ಗುಮಾಸ್ತ ಚಿಕ್ಕಬಸಪ್ಪ ಕತ್ತೆತ್ತಿ ನೋಡಿ ಅಂದ, "ಮೇಡಮ್ನೋರೆ, ಬೇಜಾರ್ ಮಾಡ್ಕಬ್ಯಾಡಿ. ಇಡೀ ಫ್ಲೆಕ್ಸು ನಿಂತಿರದೇ ನಿಮ್ ಹಣೆ ಮ್ಯಾಲೆ."

ಇನ್ನೊಂದು ಇದೆ. ಆ ಕೇಸಿನ ವಾದದಲ್ಲಿ ನಾನು ಒಂದು ಮಾತು ಬರೆದಿದ್ದೆ: "ಒಲೆಯ ಮುಂದೆ ಕೂತವರಿಗೆ ಮಾತ್ರ ಹೊಗೆ ಎತ್ತ ಹೋಗುತ್ತದೆ ಅಂತ ಗೊತ್ತು." ಬರೆದು ಖುಷಿಗೆ ಸರ್‌ಗೂ ಕಳಿಸಿದ್ದೆ. ಒಂದು ದಿನ ಟಿವಿಯಲ್ಲಿ ನೋಡುತ್ತೇನೆ, ಪಾರ್ಲಿಮೆಂಟಿನಲ್ಲಿ ಹೊಗೆಸೊಪ್ಪು ಬೆಳೆಗಾರರ ಪರ ಮಾತಾಡುತ್ತ ಸರ್ ಅದೇ ಮಾತನ್ನು ಹೇಳುತ್ತಿದ್ದಾರೆ! ಪಕ್ಕದವರು ಮೇಜು ಕುಟ್ಟುತ್ತಿದ್ದಾರೆ. ನಾನು ಮೆಸೇಜು ಮಾಡಿದೆ, "ಸರ್, ಆ ಲೈನು ನಂದು." ಅವರು ನಗುವ ಮುಖ ಒಂದನ್ನು ಕಳಿಸಿ, "ಹೌದಮ್ಮ, ಬಹಳ ಚೆನ್ನಾಗಿದೆ. ಇನ್ನೂ ಇದ್ದರೆ ಕಳಿಸು" ಅಂದರು. ಏನು ಮಾಡುತ್ತೀರಿ ಇಂಥವರನ್ನು?

ಜುಲೈನಲ್ಲಿ ಅಜ್ಜಿಯ ಮೊದಲ ಸೊಪ್ಪು ಕಟಾವಾಯಿತು. ತನ್ನದೇ ಬ್ಯಾರನ್ ಅಂತ ಕೋರ್ಟು ಹೇಳಿದ ಮೇಲೆ ಮೊದಲ ಬೇಯಿಸುವಿಕೆ. ಸರ್ ಬಂದು ಬೆಂಕಿ ಹಚ್ಚುತ್ತೇನೆ ಅಂತ ಮಾತು ಕೊಟ್ಟಿದ್ದರು, ಭಾನುವಾರ ಬೆಳಿಗ್ಗೆಗೆ. ಅದನ್ನು ನಂಬಿ ಅಜ್ಜಿ ಶನಿವಾರವೇ ಸೊಪ್ಪು ಕಡ್ಡಿಗೆ ಕಟ್ಟಿಸಿ, ಬ್ಯಾರನ್ ತುಂಬಿಸಿ, ಬಾಗಿಲು ಹಾಕಿಸಿದ್ದಳು. "ನೀನೂ ಬಾರವ್ವ, ಊಟಕ್ಕೆ" ಅಂತ ನನಗೂ ಫೋನು ಬಂತು. ಊಟಕ್ಕೆ! ಚಿಕ್ಕಬಸಪ್ಪನನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಹೋದೆ.

ಮಧ್ಯಾಹ್ನವಾದರೂ ಸರ್ ಇಲ್ಲ. ಬೆಂಕಿ ಕಾಣದೆ ಒಳಗೆ ಮುಚ್ಚಿಟ್ಟ ಹಸಿ ಸೊಪ್ಪು ತಾನೇ ಕಾವೇರುತ್ತದೆ, ಬೆವರುತ್ತದೆ, ಆಮೇಲೆ ಕಪ್ಪಾಗುತ್ತದೆ. ಅಜ್ಜಿ ಬಾಗಿಲು ಸರಿಸಿ ಒಳಗೆ ಕೈಯಿಟ್ಟು ನೋಡಿದಳು. ಮುಖ ಸಣ್ಣದಾಯಿತು.

ಬೇಲಿಯ ಆಚೆ ನಿಂಗರಾಜು ಹಲ್ಲಿಗೆ ಕಡ್ಡಿ ಹಾಕಿಕೊಂಡು ನಿಂತಿದ್ದ. "ಏನ್ ದೊಡ್ಡವ್ವ, ಎಂಪಿ ಬರೋಗಂಟ ಸೊಪ್ಪು ಕಾಯ್ತದಾ? ಅದ್ಕೂ ಸ್ಪೀಕರ್ರು ಬೆಲ್ ಹೊಡೀಬೇಕಾ?"

"ನಿನ್ ಬಾಯಿಗ್ ಮೊದ್ಲು ಬೆಂಕಿ ಇಕ್ತೀನಿ ಕಣ್ಲಾ, ಕೈಗುಣ ನೋಡವಂತೆ!" ಅಂದಳು ಅಜ್ಜಿ. ಆದರೆ ದನಿಯಲ್ಲಿ ಕಸುವಿರಲಿಲ್ಲ.

ನನಗೆ ತಡೆಯಲಾಗಲಿಲ್ಲ. "ಅಜ್ಜಿ, ನಾನೇ ಹಚ್ಲಾ?"

ಅವಳು ನನ್ನನ್ನು ಪ್ರೀತಿಯಿಂದಲೇ ನೋಡಿದಳು. ಅದೇ ಹೆಚ್ಚು ಉರಿಯಿತು. "ಬ್ಯಾಡ ಕಣ್ ಕೂಸೆ. ನಿಂದು ಬರೆಯೋ ಕೈ."

"ಕೇಸ್ ಗೆದ್ದಿದ್ದು ಇದೇ ಕೈ ಅಜ್ಜಿ."

"ನೀನು ಓಡಾಡ್ದೆ, ಇಲ್ಲ ಅನ್ನಕಿಲ್ಲ. ಆದ್ರೆ ಮೊದ್ಲು ಸೈ ಆಕಿದ್ಯಾರು? ಅಪ್ಪೋರು. ಮೊದ್ಲು ಬಿದ್ದ ಕೈ ಅವರ್ದು. ಅದ್ಕೇ ಗೆದ್ದಿದ್ದು."

ಚಿಕ್ಕಬಸಪ್ಪ ಆಕಾಶ ನೋಡತೊಡಗಿದ. ನಾನು ದೂರ ಹೋಗಿ ಸರ್‌ಗೆ ಫೋನು ಮಾಡಿದೆ. ದೆಹಲಿಯಲ್ಲೇ ಇದ್ದರು. "ಪಾರ್ಟಿ ಮೀಟಿಂಗ್ ಕಣಮ್ಮ, ಏಳೋಕಾಗ್ಲಿಲ್ಲ. ಇನ್ನೆರಡು ದಿನ ತಳ್ಳೋಕಾಗುತ್ತಾ? ಟಿವಿಯವರಿಗೂ ಹೇಳಿಬಿಟ್ಟಿದ್ದೀನಿ."

"ಸೊಪ್ಪು ವಾಯಿದೆ ಕೇಳಲ್ಲ ಸರ್."

"ವಿಡಿಯೋ ಕಾಲ್ ಮಾಡು. ಅಜ್ಜಿಗೆ ನಾನ್ ಹೇಳ್ತೀನಿ" ಅಂದರು.

ಫೋನಿನಲ್ಲಿ ಸರ್ ಮುಖ ಕಂಡದ್ದೇ ಅಜ್ಜಿ ಸೆರಗು ಹೊದ್ದು ಕೈಮುಗಿದಳು. ಅವರು ಹೇಳಿದರು, "ಪುಟ್ಟಮಲ್ಲಮ್ಮೋರೆ, ನಂದಿತಾ ಕೈನೇ ನನ್ ಕೈ ಅಂದ್ಕೊಳಿ. ನಾನು ಇಲ್ಲಿಂದ ನೋಡ್ತಾ ಇರ್ತೀನಿ. ನಾನೇ ಹಚ್ಚಿದಂಗೆ." ಅಜ್ಜಿಗೆ ಜೀವ ಬಂತು. ವಿಭೂತಿ ತಂದು ಒಲೆಗೆ ಹಚ್ಚಿದಳು, ನನ್ನ ಫೋನಿನ ಬೆನ್ನಿಗೂ ಮೂರು ಗೆರೆ ಎಳೆದಳು. ಹೂವೂ ಏರಿಸಿದಳು. ನನ್ನ ಎಡಗೈಯಲ್ಲಿ ಎಂಪಿ, ಬಲಗೈಯಲ್ಲಿ ಕೊಳ್ಳಿ.

"ಯಾರೂ ಮಾತಾಡ್ಬ್ಯಾಡಿ, ಕಣ್ಮುಚ್ಕಳಿ" ಅಂದಳು ಅಜ್ಜಿ. ಎಲ್ಲರೂ ಮುಚ್ಚಿದರು. ನಾನು ಒಲೆಯ ಬಾಯಿಗೆ ಬಗ್ಗಿದೆ. ಅಲ್ಲಿ ತಗಡಿನ ಮಾಡು, ದಪ್ಪ ಗೋಡೆ. ಸರ್ ಬಾಯಿ ಅರ್ಧ ತೆರೆದಂತೆಯೇ ನಿಂತುಹೋಯಿತು. ಆಮೇಲೆ ಪರದೆ ಕಪ್ಪಾಯಿತು. ಕಪ್ಪು ಗಾಜಿನಲ್ಲಿ ಕಂಡದ್ದು ನನ್ನ ಮುಖ.

ಹೊರಗೆ ಬಂದು ಮತ್ತೆ ಕಾಲ್ ಮಾಡಬಹುದಿತ್ತು. ಮಾಡಲಿಲ್ಲ. ಕೊಳ್ಳಿಯನ್ನು ಸೌದೆಯ ಸಂದಿಗೆ ಇಟ್ಟೆ. ಚಟಪಟ ಅಂತ ಹಿಡಿಯಿತು ನೋಡಿ, ಅಬ್ಬಾ! ಆ ಬೆಳಕಿನಲ್ಲಿ ನನಗಾದ ಖುಷಿ ತೀರ್ಪು ಬಂದ ದಿನವೂ ಆಗಿರಲಿಲ್ಲ. ಇದು ನಂದು, ನನ್ನೊಬ್ಬಳದು. ಹೊರಗೆ ಬಂದೊಡನೆ ನೆಟ್‌ವರ್ಕೂ ಬಂತು, ಸರ್ ಕಾಲೂ ಬಂತು. "ಹತ್ಕೊಳ್ತಾ?"

"ಹತ್ಕೊಳ್ತು ಸರ್."

"ಅಪ್ಪೋರ ಕೈ ಅಂದ್ರೆ ಸುಮ್ಕೆನಾ!" ಅಂದಳು ಅಜ್ಜಿ, ಬೇಲಿಯ ಕಡೆ ಮುಖ ಮಾಡಿ.

ಸೊಪ್ಪು ಹೇಗೆ ಬಂತು ಗೊತ್ತಾ? ಮಾಗಿದ ನಿಂಬೆಹಣ್ಣಿನ ಬಣ್ಣ. ಹರಾಜಿನ ದಿನ ಕಂಪನಿಗಳ ಬೈಯರ್‌ಗಳು ಅಜ್ಜಿಯ ಸೊಪ್ಪಿನ ಮೂಟೆಯ ಮುಂದೆ ನಿಂತು ಮತ್ತೊಮ್ಮೆ ಎಲೆ ಮುಟ್ಟಿ ನೋಡಿದರಂತೆ. ಸುದ್ದಿ ಪಿರಿಯಾಪಟ್ಟಣಕ್ಕೂ ಹೋಯಿತು, ಎಚ್.ಡಿ. ಕೋಟೆಗೂ ಹೋಯಿತು: ಎಂಪಿ ದಿಲ್ಲಿಯಿಂದಲೇ ಬೆಂಕಿ ಹಚ್ಚಿದರಂತೆ! ಕೆ.ಆರ್. ನಗರದ ಸಭೆಯಲ್ಲಿ ಸರ್ ತಾವೇ ಅದನ್ನು ಹೇಳಿದರು. "ನಾನು ದೆಹಲಿಯಲ್ಲಿ ಕೂತಿದ್ದರೂ ನನ್ನ ಕೈ ಕಟ್ಟೆಮಳಲವಾಡಿಯ ಒಲೆಯಲ್ಲಿತ್ತು!" ಶಿಳ್ಳೆಯೋ ಶಿಳ್ಳೆ. ನಾನು ಮುಂದಿನ ಸಾಲಿನಲ್ಲೇ ಕೂತಿದ್ದೆ, ಚಪ್ಪಾಳೆ ಹೊಡೆದೆ. ಹೊಡೆದದ್ದೂ ಅದೇ ಕೈಯಲ್ಲಿ.

ಅವರು ಸುಳ್ಳು ಹೇಳುತ್ತಿರಲಿಲ್ಲ, ಅದು ಗಮನಿಸಿ. ಅವರಿಗೆ ಗೊತ್ತೇ ಇರಲಿಲ್ಲ. ಫೋನು ಕಪ್ಪಾದದ್ದು ಗೊತ್ತಿದ್ದವಳು ನಾನೊಬ್ಬಳೇ. ಅವರ ಕಡೆ ಏನೋ ಗರಗರ ಅಂದು ನಿಂತಿತ್ತಂತೆ, ಅಷ್ಟರಲ್ಲಿ ನಾನೇ "ಹತ್ಕೊಳ್ತು" ಅಂದೆನಲ್ಲ. ಅವರೆಕಾಯಿ ಕಾಲ ಬಂತು. ಕೇಸು ಗೆದ್ದುಕೊಟ್ಟ ವಕೀಲರ ಮನೆಗೆ ಹೊಸ ಅವರೆಕಾಯಿ ಹೋಗುವುದು ನಮ್ಮ ಕಡೆಯ ವಾಡಿಕೆ. ಸರ್ ಮನೆಗೆ ಮೂಟೆ ಹೋಯಿತು. ನನಗೆ ಒಂದು ಕೈಚೀಲ ಬಂತು. ಸುಲಿಯುತ್ತ ಕೂತವಳು ಸಿಪ್ಪೆಯ ಜೊತೆ ಎಷ್ಟು ಕಾಳು ಎಸೆದೆನೋ, ಅಮ್ಮ ಬೈದಳು.

ಹೀಗೇ ಹೊಗೆಯಾಡಿಕೊಂಡು ಇರುತ್ತಿದ್ದೆನೋ ಏನೋ. ಆದರೆ ನಿಂಗರಾಜು ಅಪೀಲು ಹಾಕಿದ, ಮೈಸೂರಿನಲ್ಲಿ. ಅಜ್ಜಿ ಹೊಸದಾಗಿ ವಕಾಲತ್ತು ಕೊಡಬೇಕು. ಸರ್ ಫೋನು ಮಾಡಿ, "ಮೈಸೂರಲ್ಲಿ ನಮ್ಮ ಮಹೇಶ್‌ಕುಮಾರ್ ಇದಾನಲ್ಲ, ಅವನು ನೋಡ್ಕೊಳ್ತಾನೆ. ಅಜ್ಜಿನೂ ಒಪ್ಪಿದಾರೆ. ಫೈಲ್ ಕೊಟ್ಟುಬಿಡಮ್ಮ" ಅಂದರು.

ಮಹೇಶ್‌ಕುಮಾರ್ ಸರ್ ಅವರ ಹೊಸ ಜೂನಿಯರ್. ಕಳೆದ ವಾರ ಬೆಳಿಗ್ಗೆ ಕಾರಿನಲ್ಲಿ ಬಂದ. ಸೀದಾ ಸರ್ ಕುರ್ಚಿಯಲ್ಲೇ ಕೂತ. ನಾನು ಅದರಲ್ಲಿ ಇವತ್ತಿನವರೆಗೂ ಕೂತಿಲ್ಲ. ಫೈಲು ತಿರುವಿ ಹಾಕುತ್ತ ಕೇಳಿದ, "ಈ ಬ್ಯಾರನ್ ಅಂದ್ರೆ ಗೋಡೌನಾ ಮೇಡಂ?"

"ಹೂಂ ಸ್ವಾಮಿ, ಬೆಂಕಿ ಇಕ್ಕೋ ಗೋಡೌನು" ಅಂದ ಚಿಕ್ಕಬಸಪ್ಪ.

ಅಷ್ಟರಲ್ಲಿ ಅಜ್ಜಿ ಮೆಟ್ಟಿಲು ಹತ್ತಿ ಬಂದಳು. ಮಹೇಶ್‌ಕುಮಾರ್ ವಕಾಲತ್ತು ಮುಂದಿಟ್ಟು ಎಲ್ಲಿ ಸೈ ಹಾಕಬೇಕೆಂದು ಬೆರಳಿಟ್ಟು ತೋರಿಸಿದ. ಅಜ್ಜಿ ಪೆನ್ನು ಹಿಡಿದಳು. ಅವಳು ಸೈ ಹಾಕುವುದು ನಿಧಾನ. "ಪು" ಬರೆಯುವ ಮೊದಲು ಒಂದು ಸಲ ಗಾಳಿಯಲ್ಲಿ ಬರೆದುಕೊಳ್ಳುತ್ತಾಳೆ. ಗಾಳಿಯಲ್ಲಿ "ಪು" ಬರೆದಾಯಿತು. ನಾನು ಕಟ್ಟಿದ ಕೇಸು, ನನ್ನ ಕಣ್ಣೆದುರಿಗೇ, ಗೋಡೌನಿನವನ ಪಾಲಾಗುತ್ತಿದೆ.

"ಅಜ್ಜಿ, ಒಂದ್ ಮಾತು" ಅಂದೆ. "ಆವತ್ತು ಬೆಂಕಿ ಹಚ್ಚುವಾಗ ಫೋನ್ ಕಟ್ ಆಗೋಗಿತ್ತು. ಸರ್ ಇರ್ಲಿಲ್ಲ. ನಾನೊಬ್ಳೇ ಹಚ್ಚಿದ್ದು."

ಪೆನ್ನು ನಿಂತಿತು. ಕೆಳಗೆ ಬೇಕರಿಯಲ್ಲಿ ಬನ್ನಿನ ತಟ್ಟೆ ಇಟ್ಟ ಸದ್ದು ಕೇಳಿಸಿತು. ಮಹೇಶ್‌ಕುಮಾರ್‌ಗೆ ಏನೊಂದೂ ಅರ್ಥವಾಗಲಿಲ್ಲ.

"ದೇವ್ರಾಣೆ?"

"ದೇವ್ರಾಣೆ ಅಜ್ಜಿ."

"ಅಂಗಂತ ಆವತ್ತೇ ಯಾಕೆ ಯೋಳ್ನಿಲ್ಲ?"

"ನೀವು ಹೆದರ್ಕೊತಿದ್ರಿ."

ಅರ್ಧ ನಿಜ ಅದು. ಇನ್ನರ್ಧ ನಿಮಗೂ ಗೊತ್ತು, ಆ ಬೆಂಕಿ ನನ್ನೊಬ್ಬಳದಾಗಿಯೇ ಇರಲಿ ಅಂತ. ಅಜ್ಜಿ ನನ್ನ ಬಲಗೈ ಎಳೆದುಕೊಂಡಳು. ಅಂಗೈ ಮೇಲೆ ಮಾಡಿದಳು, ಕೆಳಗೆ ಮಾಡಿದಳು, ಬೆರಳು ಬಿಡಿಸಿ ಬೆಳಕಿಗೆ ಹಿಡಿದಳು, ಹರಾಜಿನಲ್ಲಿ ಬೈಯರ್‌ಗಳು ಎಲೆ ನೋಡುವ ಹಾಗೆ. ಆಮೇಲೆ ಮಹೇಶ್‌ಕುಮಾರ್ ಕಡೆ ತಿರುಗಿ, "ನೀನು ಓಗಪ್ಪ ಮಗ. ಕಾಫಿ ಕುಡ್ಕಂಡು ಓಗು" ಅಂದಳು. ನನಗೆ, "ತಗಾ, ನಿನ್ ಎಸ್ರುದು ಕಾಗ್ದ ತಗಾ."

ಗೆದ್ದೆ! ಕುಣಿಯಬೇಕಿತ್ತು. ಆದರೂ ಬಾಯಿ ಸುಮ್ಮನಿರಲಿಲ್ಲ. "ಅಜ್ಜಿ, ನಿಂಗರಾಜುನ ಆ ಪ್ರಶ್ನೆ ಕೇಳಿ ಸುಮ್ನಾಗ್ಸಿದ್ದು ನಾನೇ ಅಲ್ವಾ? ಅದ್ಕಾದ್ರೂ ನೀವು..."

"ಅದೇನೋ ಮಾತಾಡ್ದೆ ಬುಡು, ಚೆಂದಾಗೇ ಮಾತಾಡ್ದೆ. ಮಾತು ಯಾರ್ಗ್ ಬರಕಿಲ್ಲ? ಕೈ ಬೇಕು ಕಣವ್ವ, ಕೈ. ಅಪ್ಪೋರ ಜತೇಲಿದ್ದೂ ಇದ್ದೂ ಅವರ ಕೈಗುಣ ನಿಂಗೂ ಅಂಟ್ಕಂಡದೆ."

ಅಂಟಿಕೊಂಡಿದೆಯಂತೆ! ನನ್ನ ಕೈಯಲ್ಲಿರುವುದೂ ಅವರದೇ! ಅಜ್ಜಿ ಸೈ ಹಾಕಿ ಹೋದಳು. ಅಂದಿನಿಂದ ಒಂದು ವಿಚಿತ್ರ ಶುರುವಾಗಿದೆ. ಸರ್ ಮೇಲಿನ ಹೊಟ್ಟೆಕಿಚ್ಚು ಸ್ವಲ್ಪ ತಣ್ಣಗಾಗಿ, ನನ್ನ ಬಲಗೈಯ ಮೇಲೆ ಹತ್ತಿಕೊಂಡಿದೆ. ನಾನು ವರ್ಷಗಟ್ಟಲೆ ತಲೆ ಓಡಿಸಿದ್ದಕ್ಕೆ ಸಿಗದ ಮರ್ಯಾದೆ, ಒಂದು ಕೊಳ್ಳಿ ಹಿಡಿದದ್ದಕ್ಕೆ ಈ ಕೈಗೆ ಸಿಕ್ಕಿತು.

ಸರ್ ಬೈಯುತ್ತಾರೆ ಅಂದುಕೊಂಡಿದ್ದೆ. ಸಂಜೆ ಫೋನು ಬಂತು. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಪಾಯಿಂಟನ್ನ ಅಷ್ಟು ದಿನ ಇಟ್ಕೊಂಡಿದ್ದು ಸರಿಯಾದ ಟೈಮಿಗೆ ತೆಗೆದೆ ನೋಡು, ಅದು ವಕೀಲಿ! ಕೆ.ಆರ್. ನಗರದ ಭಾಷಣ ಮಾತ್ರ ಇನ್ನು ಹೇಳೋಕಾಗಲ್ಲ, ಅಷ್ಟೇ." ಆಮೇಲೆ, "ಬೋರ್ಡಿನಲ್ಲಿ ನಿನ್ನ ಹೆಸರೂ ಬರೆಸಮ್ಮ" ಅಂದರು. ನಾನು ಕೇಳುವ ಮೊದಲೇ! ಅದನ್ನೂ ಅವರೇ ಕೊಟ್ಟಂತಾಯಿತು.

ಬೋರ್ಡು ಬರೆಯುವವನು ಇನ್ನೂ ಬಂದಿಲ್ಲ. ಆದರೆ ನಿನ್ನೆ ಪಿರಿಯಾಪಟ್ಟಣದ ಕಡೆಯಿಂದ ಒಂದಷ್ಟು ಜನ ಮೆಟ್ಟಿಲು ಹತ್ತಿ ಬಂದರು. ಸಾಹೇಬರನ್ನು ಕೇಳಲಿಲ್ಲ. ಚಿಕ್ಕಬಸಪ್ಪನನ್ನು ಕೇಳಿದರು, "ಬೆಂಕಿ ಹಚ್ಚೋ ಲಾಯರಮ್ಮ ಯಾರು ಸೋಮಿ?"

ನಾನು ಕಾದಿದ್ದದ್ದು ಇದಕ್ಕೇ ಅಲ್ಲವೇ? ನನ್ನನ್ನೇ ಕೇಳಿಕೊಂಡು ಬಂದಿದ್ದಾರೆ. ಅವರ ಬಳಿ ಕೇಸಿಲ್ಲ. ಮುಂದಿನ ಜುಲೈಗೆ ಮೊದಲ ಬೆಂಕಿ ಹಚ್ಚಲು ಈಗಲೇ ಹೇಳಿಹೋಗಲು ಬಂದಿದ್ದಾರೆ. "ಆಮ್ಯಾಕೆ ಕೋಲ್ಟು ಕಚೇರಿ ಏನಾರ ಇದ್ರೂ ನಿಮ್ಗೇ ಕೊಡ್ತೀವಿ ಕಣ್ರವ್ವ" ಅಂತ ಅವರಲ್ಲಿ ಹಿರಿಯರು ಸೇರಿಸಿದರು. ಸರ್ ಮೊದಲ ಸಲ ಕಡ್ಡಿ ಗೀರಿದಾಗಲೂ ಹೀಗೇ ಆಗಿದ್ದಿರಬೇಕು. ಅವರಿಗೂ ಒಳಗೊಳಗೇ ಹೀಗೇ ಉರಿದಿತ್ತೋ ಏನೋ, ಯಾರಿಗೆ ಗೊತ್ತು.

ಚಿಕ್ಕಬಸಪ್ಪ ನನ್ನ ಮುಖ ನೋಡಿದ. ನಾನು ನನ್ನ ಕೈ ನೋಡಿಕೊಂಡೆ. "ಬತ್ತೀನಿ" ಅಂದುಬಿಟ್ಟೆ.

ಈಗ ಹೇಳಿ, ಪೂರ್ತಿ ಕೇಳಿದ್ದೀರಿ. ನನ್ನ ಜಾಗದಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ?